ದಾರ್ ಎಸ್ ಸಲಾಮ್‌ನಲ್ಲಿ ಎರಡು ರಾತ್ರಿ, ಎರಡು ಕ್ವಾರ್ಟರ್ ಫೈನಲ್

ಆಫ್ರಿಕಾಕ್ಕೆ ಹೋಗಿ ಅಲ್ಲಿನ ಕ್ಲಬ್ ಫುಟ್‌ಬಾಲ್ ನೋಡಬೇಕು ಅನ್ನುವವರು ಮೊದಲು ಕೇಳುವುದು ಫೈನಲ್ ಎಲ್ಲಿ, ಯಾವಾಗ ಅಂತ. ನನ್ನ ಮಾತು ಕೇಳುವುದಾದರೆ ಫೈನಲ್ ಬಿಡಿ, ಕ್ವಾರ್ಟರ್ ಫೈನಲ್‌ಗೆ ಹೋಗಿ. ಟಾಂಜಾನಿಯಾದ ಕ್ಲಬ್ ಆ ಹಂತಕ್ಕೆ ಬಂದ ವರ್ಷವಾದರೆ ಕಣ್ಣು ಮುಚ್ಚಿ ದಾರ್ ಎಸ್ ಸಲಾಮ್‌ಗೆ ಟಿಕೆಟ್ ಮಾಡಿಸಿ. ಹೋದ ಮೇಲೆ ಒಂದು ವಾರ ಅಲ್ಲೇ ಇರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಹೋದದ್ದು 2023–24ರ ಸಿಎಎಫ್ (ಆಫ್ರಿಕಾ ಫುಟ್‌ಬಾಲ್ ಒಕ್ಕೂಟ) ಚಾಂಪಿಯನ್ಸ್ ಲೀಗ್ ಹೊತ್ತಿಗೆ. ಆ ವರ್ಷ ಸಿಂಬಾ ಮತ್ತು ಯಂಗ್ ಆಫ್ರಿಕನ್ಸ್ ಎರಡೂ ಕೊನೆಯ ಎಂಟರೊಳಗೆ ಬಂದಿದ್ದವು. ಒಂದೇ ಸಲಕ್ಕೆ ಟಾಂಜಾನಿಯಾದ ಎರಡು ಕ್ಲಬ್ ಅಲ್ಲಿಗೆ ಮುಟ್ಟಿದ್ದು ಅದೇ ಮೊದಲು. ಯಂಗ್ ಆಫ್ರಿಕನ್ಸ್ ಅನ್ನು ಅಲ್ಲಿ ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ, ಎಲ್ಲರ ಬಾಯಲ್ಲೂ ಯಾಂಗಾ. ಯಾಂಗಾ ಹುಟ್ಟಿದ್ದು 1935ರಲ್ಲಿ, ಸಿಂಬಾ ಮರುವರ್ಷ. ಎರಡೂ ಕರಿಯಾಕೂ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲೇ ಬೆಳೆದ ಕ್ಲಬ್‌ಗಳು. ಹಸಿರು–ಹಳದಿ ಯಾಂಗಾ, ಕೆಂಪು–ಬಿಳಿ ಸಿಂಬಾ. ಇಡೀ ಊರು ಈ ಎರಡು ಬಣ್ಣಗಳಲ್ಲಿ ಹಂಚಿಹೋಗಿದೆ. ಗುಂಪು ಹಂತದಲ್ಲಿ ಯಾಂಗಾ ಅಲ್ಜೀರಿಯಾದ ಸಿಆರ್ ಬೆಲೂಯಿಜ್‌ದಾದ್ ತಂಡವನ್ನು 4–0ಯಿಂದ, ಸಿಂಬಾ ಬೋಟ್ಸ್ವಾನಾದ ಜ್ವನೆಂಗ್ ಗ್ಯಾಲಕ್ಸಿಯನ್ನು 6–0ಯಿಂದ ಸೋಲಿಸಿ ಮುಂದೆ ಬಂದಿದ್ದವು. ಆಮೇಲೆ ಸಿಕ್ಕ ಎದುರಾಳಿಗಳೋ ಖಂಡದ ಘಟಾನುಘಟಿಗಳು. ಸಿಂಬಾಕ್ಕೆ ಈಜಿಪ್ಟಿನ ಅಲ್ ಅಹ್ಲಿ, ಯಾಂಗಾಕ್ಕೆ ದಕ್ಷಿಣ ಆಫ್ರಿಕಾದ ಮಮೆಲೋಡಿ ಸನ್‌ಡೌನ್ಸ್. ಮಾರ್ಚ್ 29ರ ಶುಕ್ರವಾರ ಒಂದು ಪಂದ್ಯ, 30ರ ಶನಿವಾರ ಇನ್ನೊಂದು. ಕ್ರೀಡಾಂಗಣವೂ ಒಂದೇ.

ಯೋಜನೆ ಹಾಕುವವರಿಗೆ ದೊಡ್ಡ ತಲೆನೋವು ತಾರೀಖಿನದು. ಆ ವರ್ಷ ಗುಂಪು ಹಂತ ಮುಗಿದದ್ದು ಮಾರ್ಚ್ ಮೊದಲ ವಾರ, ಯಾರಿಗೆ ಯಾರು ಎದುರಾಳಿ ಎಂದು ಚೀಟಿ ಎತ್ತಿದ್ದು ಎರಡನೇ ವಾರ, ಪಂದ್ಯ ತಿಂಗಳ ಕೊನೆಗೆ. ಎಲ್ಲ ಖಚಿತವಾದ ಮೇಲೆ ಕೈಗೆ ಸಿಕ್ಕಿದ್ದು ಎರಡೂವರೆ ವಾರ ಮಾತ್ರ. ಹಾಗಾಗಿ ಚೀಟಿ ಎತ್ತುವವರೆಗೆ ಕಾಯದೆ ಇ-ವೀಸಾಕ್ಕೆ ಅರ್ಜಿ ಹಾಕಿಬಿಡಿ. ಭಾರತೀಯರಿಗೆ ಸಾಮಾನ್ಯ ಪ್ರವಾಸಿ ವೀಸಾ 50 ಡಾಲರ್. ವಿಮಾನದ ಟಿಕೆಟ್ ಮಾತ್ರ ದಿನ ಬದಲಿಸಲು ಬರುವಂಥದ್ದೇ ಕೊಳ್ಳಿ, ನಾಲ್ಕು ಕಾಸು ಹೆಚ್ಚಾದರೂ ಸರಿ. ಬೆಂಗಳೂರಿನವರಿಗೆ ಅಡಿಸ್ ಅಬಾಬಾ ಮೂಲಕ ಹೋಗುವುದು ಸಲೀಸು. ಬೆಳಗಾವಿಯವನಾದ ನನಗೆ ಮುಂಬೈಯೇ ಹತ್ತಿರ, ಅಲ್ಲಿಂದ ದಾರ್‌ಗೆ ನೇರ ವಿಮಾನವಿದೆ. ಅಡಿಸ್ ಅಥವಾ ನೈರೋಬಿ ಮೂಲಕ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡು ಆ ಹಳದಿ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿಯೇ ಹೊರಡಿ. ಬಟ್ಟೆಬರೆ ಪ್ಲಾಸ್ಟಿಕ್ ಕೈಚೀಲದಲ್ಲಿ ತುಂಬಬೇಡಿ; 2019ರಿಂದ ಆ ದೇಶದಲ್ಲಿ ಅದಕ್ಕೆ ನಿಷೇಧವಿದೆ, ಪ್ರವಾಸಿಗರಿಗೂ ಸೇರಿ.

ಪಂದ್ಯದ ಜಾಗವೂ ಕೊನೆಗಳಿಗೆಯಲ್ಲಿ ಬದಲಾಗಬಹುದು. ಮರುವರ್ಷ, 2025ರಲ್ಲಿ, ಸಿಂಬಾ ಖಂಡದ ಎರಡನೇ ದರ್ಜೆಯ ಟೂರ್ನಿಯಾದ ಕಾನ್ಫೆಡರೇಷನ್ ಕಪ್ ಫೈನಲ್‌ಗೆ ಬಂದಾಗ ತವರಿನ ಪಂದ್ಯ ದಾರ್‌ನಲ್ಲಿ ನಡೆಯಲೇ ಇಲ್ಲ. ಮೈದಾನದ ಹುಲ್ಲು ಸರಿಯಿಲ್ಲ ಎಂದು ಸಿಎಎಫ್ ಅದನ್ನು ಜಾಂಜಿಬಾರ್‌ನ ಅಮಾನ್ ಕ್ರೀಡಾಂಗಣಕ್ಕೆ ಕಳಿಸಿತು. ದಾರ್‌ನಿಂದ ಜಾಂಜಿಬಾರ್‌ಗೆ ವೇಗದ ಹಡಗಿನಲ್ಲಿ ಸುಮಾರು ಎರಡು ತಾಸು. ಆದರೆ 2024ರ ಅಕ್ಟೋಬರ್‌ನಿಂದ ಆ ದ್ವೀಪಕ್ಕೆ ಕಾಲಿಡುವ ವಿದೇಶಿಯರೆಲ್ಲ 44 ಡಾಲರಿನ ಸ್ಥಳೀಯ ವಿಮೆ ಮಾಡಿಸಬೇಕು. ಇದಕ್ಕೂ ಒಂದು ದಿನ, ಒಂದಿಷ್ಟು ದುಡ್ಡು ತೆಗೆದಿಟ್ಟುಕೊಂಡಿರಿ.

ನನ್ನ ಕಾಕಾನ ಮಗ ದಾರ್‌ನಲ್ಲಿ ಆರು ವರ್ಷದಿಂದ ಔಷಧಿ ವ್ಯಾಪಾರದ ಕೆಲಸದಲ್ಲಿದ್ದಾನೆ. ಆದರೂ ಕ್ರೀಡಾಂಗಣಕ್ಕೆ ಹತ್ತಿರವಾಗಲಿ ಎಂದು ನಾನು ಆ ಕಡೆಯೇ ಒಂದು ಲಾಡ್ಜಿನಲ್ಲಿ ಕೋಣೆ ಕಾದಿರಿಸಿದ್ದೆ. ರಾತ್ರಿ ಹೋಗಿ ನೋಡಿದರೆ ನನ್ನ ಕೋಣೆಯಲ್ಲಿ ಬೇರೆ ಯಾರೋ ಮಲಗಿದ್ದರು, ಕೊಟ್ಟ ಮುಂಗಡವೂ ವಾಪಸ್ ಬರಲಿಲ್ಲ. ತಮ್ಮ ಬಂದು ಉಪಾಂಗಾದ ತನ್ನ ಮನೆಗೆ ಕರೆದೊಯ್ದ. “ಅಣ್ಣಾ, ಮೊದಲೇ ಇಲ್ಲಿಗೆ ಬರೋದಲ್ಲವಾ?” ಅಂದ. ಅವನು ಹೇಳಿದ್ದೇ ಸರಿ. ಉಳಿಯುವುದಾದರೆ ಉಪಾಂಗಾ, ಕಿಸುಟು ಕಡೆ ಉಳಿಯಿರಿ. ದೇವಸ್ಥಾನಗಳು, ಸಸ್ಯಾಹಾರಿ ಊಟದ ಮನೆಗಳು ಅಲ್ಲೇ ಇವೆ, ಕರಿಯಾಕೂಗೆ ನಡೆದೇ ಹೋಗಬಹುದು. ಕ್ರೀಡಾಂಗಣ ಇರುವುದು ತೆಮೆಕೆಯಲ್ಲಿ. ಅಷ್ಟು ದೂರಕ್ಕೆ ಬಜಾಜಿ ಸಾಕು.

ಬಜಾಜಿ ಎಂದರೆ ಆಟೊರಿಕ್ಷಾ. ನಮ್ಮ ದೇಶದಿಂದ ಹೋದ ಗಾಡಿ, ಕಂಪನಿಯ ಹೆಸರೇ ಅಲ್ಲಿ ಗಾಡಿಯ ಹೆಸರಾಗಿದೆ. ಸ್ವಹೀಲಿಯಲ್ಲಿ ಗಾಡಿಗೆ ಗಾರಿ, ಅಂಗಡಿಗೆ ದುಕಾ, ದುಡ್ಡಿಗೆ ಪೇಸಾ, ಬಣ್ಣಕ್ಕೆ ರಂಗಿ. ಎರಡು ದಿನದಲ್ಲಿ ಕಿವಿ ಹೊಂದಿಕೊಳ್ಳುತ್ತದೆ. ಆದರೆ ನಮ್ಮ ಉತ್ತರ ಕರ್ನಾಟಕದವರಿಗೆ ಒಂದು ಎಚ್ಚರಿಕೆ. ಅಲ್ಲಿ ಕಾಕಾ ಎಂದರೆ ಚಿಕ್ಕಪ್ಪ ಅಲ್ಲ, ಅಣ್ಣ. ದಾದಾ ಎಂದರೆ ಅಕ್ಕ. ಬಜಾಜಿಯವನನ್ನು “ಕಾಕಾ” ಎಂದು ಕರೆದರೆ ತಿರುಗಿ ನೋಡುತ್ತಾನೆ, “ದಾದಾ” ಎನ್ನಬೇಡಿ. ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ನಾನು ಹೋದಾಗ ನಮ್ಮ ಒಂದು ರೂಪಾಯಿಗೆ ಅಲ್ಲಿನ 30 ಶಿಲ್ಲಿಂಗ್ ಲೆಕ್ಕ.

ಇದಕ್ಕಿಂತ ಮುಖ್ಯವಾದದ್ದು ಗಡಿಯಾರದ ವಿಷಯ. ಸ್ವಹೀಲಿಯಲ್ಲಿ ದಿನದ ಎಣಿಕೆ ಶುರುವಾಗುವುದು ಬೆಳಗಿನ ಆರಕ್ಕೆ. ನಮ್ಮ ಹಿರಿಯರು ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದರಲ್ಲ, ಹಾಗೆ. ಬೆಳಿಗ್ಗೆ ಏಳು ಗಂಟೆ ಅವರಿಗೆ ಒಂದನೇ ತಾಸು. ಸಂಜೆ ಆರಕ್ಕೆ ರಾತ್ರಿಯ ಲೆಕ್ಕ ಮತ್ತೆ ಮೊದಲಿನಿಂದ. ಪಂದ್ಯದ ಭಿತ್ತಿಪತ್ರದಲ್ಲಿ “ಸಾ 3:00 ಉಸಿಕು” ಎಂದು ಬರೆದಿದ್ದರೆ ಅದು ರಾತ್ರಿ 9 ಗಂಟೆ. ಬಾಯಿಮಾತಿನಲ್ಲಿ ಯಾರಾದರೂ ಹೊತ್ತು ಹೇಳಿದರೆ ಆರು ಕೂಡಿಸಿ, ಆಮೇಲೆ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ. ಎರಡೂ ಪಂದ್ಯ ರಾತ್ರಿ 9ಕ್ಕೇ ಇದ್ದವು, ಆಗ ರಂಜಾನ್ ತಿಂಗಳು. ಉಪವಾಸ ಬಿಟ್ಟು, ಪ್ರಾರ್ಥನೆ ಮುಗಿಸಿ ಬರಲು ಜನರಿಗೆ ಹೊತ್ತು ಬೇಕಲ್ಲ.

ಟಿಕೆಟ್ ಕಾಗದದ್ದಲ್ಲ. ಎನ್-ಕಾರ್ಡ್ ಎಂಬ ಕಾರ್ಡ್ ಕೊಂಡು ಅದಕ್ಕೆ ದುಡ್ಡು ಹಾಕಿಸಿ ಟಿಕೆಟ್ ಪಡೆಯಬೇಕು, ಗೇಟಿನಲ್ಲಿ ಅದನ್ನೇ ತಾಗಿಸಿ ಒಳಗೆ ಹೋಗಬೇಕು. ದುಡ್ಡು ಓಡಾಡುವುದೆಲ್ಲ ಮೊಬೈಲಿನಲ್ಲಿ, ಎಂ-ಪೇಸಾ ಅಥವಾ ಏರ್‌ಟೆಲ್ ಮನಿಯಲ್ಲಿ. ಅದಕ್ಕೆ ಅಲ್ಲಿನ ಸಿಮ್ ಬೇಕು, ಸಿಮ್‌ಗೆ ಪಾಸ್‌ಪೋರ್ಟ್ ಮತ್ತು ಬೆರಳಚ್ಚು ಬೇಕು. ಇಷ್ಟನ್ನೂ ಪಂದ್ಯಕ್ಕೆ ಎರಡು ದಿನ ಮೊದಲೇ ಮುಗಿಸಿಕೊಳ್ಳಿ. ಶುಕ್ರವಾರ ಸಂಜೆ ಕ್ರೀಡಾಂಗಣದ ಹೊರಗೆ ನಿಂತು ನನ್ನ ಕಾರ್ಡಿಗೆ ದುಡ್ಡು ಹಾಕಲು ನೋಡಿದರೆ ನೆಟ್‌ವರ್ಕ್ ಇಲ್ಲ. ಸಾವಿರಾರು ಜನ ಒಟ್ಟಿಗೆ ಅದನ್ನೇ ಮಾಡುತ್ತಿದ್ದರು. ಮುಕ್ಕಾಲು ತಾಸು ಬೆವರು ಸುರಿಸಿ ನಿಂತ ಮೇಲೆ ಹಣ ಹೋಯಿತು. ಅಗ್ಗದ ಸೀಟಿಗೆ ಮ್ಜುಂಗುಕೊ ಅನ್ನುತ್ತಾರೆ. ವಿಐಪಿ ಸೀಟಿನಲ್ಲಿ ಕೂತರೆ ಆಟ ಚೆನ್ನಾಗಿ ಕಾಣುತ್ತದೆ, ನಿಜ. ಆದರೂ ಅಷ್ಟು ದೂರ ಹೋದವರು ಮ್ಜುಂಗುಕೊದಲ್ಲೇ ಕೂರಬೇಕು ಎಂಬುದು ನನ್ನ ಅಭಿಪ್ರಾಯ.

ಬೆಂಜಮಿನ್ ಎಂಕಾಪಾ ಕ್ರೀಡಾಂಗಣದಲ್ಲಿ 60,000 ಜನ ಹಿಡಿಯುತ್ತಾರೆ. 2020ರಲ್ಲಿ ತೀರಿಕೊಂಡ ಮಾಜಿ ಅಧ್ಯಕ್ಷರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. “ಕ್ವಾ ಎಂಕಾಪಾ ಹತೋಕಿ ಮ್ತು” ಎಂಬುದು ಸಿಂಬಾದವರ ಘೋಷಣೆ: ಎಂಕಾಪಾನ ಮನೆಯಿಂದ ಯಾರೂ ಪಾರಾಗಿ ಹೋಗುವುದಿಲ್ಲ. ಡೋಲು, ಪೀಪಿಗಳ ನಡುವೆ ಅದನ್ನು ಸಾವಿರಾರು ಗಂಟಲು ಒಟ್ಟಿಗೆ ಕೂಗುವಾಗ ಕೂತ ಸಿಮೆಂಟು ನಡುಗುವುದು ಬೆನ್ನಿಗೆ ತಾಗುತ್ತದೆ. ಆಮೇಲೆ ನಾಲ್ಕನೇ ನಿಮಿಷ ಬಂತು. ಅಲ್ ಅಹ್ಲಿಯ ಅಹ್ಮದ್ ನಬೀಲ್ ಕೋಕಾ ಗೋಲು ಹೊಡೆದ. ಅಂಥ ನಿಶ್ಶಬ್ದವನ್ನು ನಾನು ಬೇರೆಲ್ಲೂ ಕೇಳಿಲ್ಲ. ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಕೆಂಪು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟರು, ಅಂಗೈಯಿಂದ ಅದರ ಮಡಿಕೆ ಸರಿಮಾಡಿದರು, ಮತ್ತೆ ತಲೆಗೆ ಹಾಕಿಕೊಂಡು ಒಬ್ಬರೇ ಚಪ್ಪಾಳೆ ತಟ್ಟಲು ಶುರುಮಾಡಿದರು. ಸ್ವಲ್ಪ ಹೊತ್ತಿಗೆ ಇಡೀ ಸಾಲು ತಟ್ಟುತ್ತಿತ್ತು. ಉಳಿದ ಹೊತ್ತೆಲ್ಲ ಸಿಂಬಾ ಮುಗಿಬಿದ್ದು ಆಡಿತು, ಆದರೆ ಗೋಲು ಬರಲಿಲ್ಲ. 0–1.

ಪಂದ್ಯ ಮುಗಿಯುವುದು ಹನ್ನೊಂದರ ಹೊತ್ತಿಗೆ. ಗೇಟಿನೆದುರೇ ಗಾಡಿ ಹುಡುಕಬೇಡಿ, ಸಿಕ್ಕರೂ ಮುಂದೆ ಚಲಿಸುವುದಿಲ್ಲ. ಜನರ ಜೊತೆ ಚಾಂಗೊಂಬೆ ರಸ್ತೆಯ ಕಡೆ ಒಂದೆರಡು ಕಿಲೋಮೀಟರ್ ನಡೆದು ಅಲ್ಲಿಂದ ಬಜಾಜಿ ಹಿಡಿಯಿರಿ. ಫೋನು ಮುಂದಿನ ಜೇಬಿನಲ್ಲಿರಲಿ. ಪೊಲೀಸರ ಫೋಟೊ ತೆಗೆಯಬೇಡಿ. ಮಾರ್ಚ್ ಕೊನೆಗೆ ಮಸಿಕಾ ಅನ್ನುವ ದೊಡ್ಡ ಮಳೆಗಾಲ ಶುರುವಾಗಿರುತ್ತದೆ, ಬಜಾಜಿಯ ಎರಡೂ ಬದಿಯಿಂದ ಎರಚಲು ಹೊಡೆಯುತ್ತದೆ, ರೇನ್‌ಕೋಟ್ ಇರಲಿ. ಸೆಕೆ ಮಾತ್ರ ಮಂಗಳೂರಿನ ಮೇ ತಿಂಗಳಂತೆಯೇ.

ಶನಿವಾರ ಅದೇ ಮೈದಾನ ಹಸಿರು–ಹಳದಿಯಾಗಿತ್ತು. ಎರಡೂ ಪಂದ್ಯ ನೋಡುವವರು ಎರಡು ಅಂಗಿ ಕೊಳ್ಳಿ, ಕರಿಯಾಕೂ ಬೀದಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಯಾಂಗಾದವರ ನಡುವೆ ಕೆಂಪು ತೊಟ್ಟು ಕೂರಬಾರದು. ಯಾರೂ ಹೊಡೆಯುವುದಿಲ್ಲ, ಆದರೆ ತೊಂಬತ್ತು ನಿಮಿಷ ಬಿಡದೆ ಕೆಣಕುತ್ತಾರೆ. ಈ ಎರಡು ಕ್ಲಬ್‌ಗಳ ನಂಟಿಗೆ ಅಲ್ಲಿ “ವತಾನಿ ವಾ ಜಾದಿ” ಎನ್ನುತ್ತಾರೆ, ತಲೆತಲಾಂತರದಿಂದ ಒಬ್ಬರನ್ನೊಬ್ಬರು ಗೇಲಿ ಮಾಡುವ ಹಕ್ಕಿರುವವರು ಎಂಬ ಅರ್ಥ. ನಮ್ಮಲ್ಲಿ ಭಾವ–ಮೈದುನರಿಗೆ ಇರುವ ಸಲಿಗೆ ಇದ್ದಂತೆ. ಸಿಂಬಾ ಅಭಿಮಾನಿಯಾದ ತಮ್ಮ ಆ ರಾತ್ರಿ ಸನ್‌ಡೌನ್ಸ್ ಕಡೆ ಮನಸ್ಸಿಟ್ಟು, ಬಾಯಿ ಮುಚ್ಚಿಕೊಂಡು ನನ್ನ ಪಕ್ಕ ಕೂತಿದ್ದ. ಯಾಂಗಾ ಕೆಚ್ಚಿನಿಂದ ಆಡಿ 0–0ಗೆ ನಿಲ್ಲಿಸಿತು.

ಇಲ್ಲಿಗೆ ಮುಗಿಯಿತು ಎಂದು ಭಾನುವಾರದ ವಿಮಾನ ಹಿಡಿಯಬೇಡಿ. ಕ್ವಾರ್ಟರ್ ಫೈನಲ್ ಎಂದರೆ ಪ್ರತಿ ಜೋಡಿಗೂ ಎರಡು ಪಂದ್ಯ, ತವರಿನಲ್ಲೊಂದು, ಎದುರಾಳಿಯ ಊರಲ್ಲೊಂದು; ಆ ಎರಡನೇ ಪಂದ್ಯಗಳು ಇದ್ದದ್ದು ಕೈರೋ ಮತ್ತು ಪ್ರಿಟೋರಿಯಾದಲ್ಲಿ, ಏಪ್ರಿಲ್ 5ರಂದು. ತಂಡದ ಹಿಂದೆ ಅಲ್ಲಿಗೆ ಓಡುವುದಕ್ಕಿಂತ ದಾರ್‌ನಲ್ಲೇ ಇದ್ದು ಊರಿನ ಜೊತೆ ನೋಡಿ. ನಡುವಿನ ದಿನಗಳಿಗೆ ಜಾಂಜಿಬಾರ್ ಇದೆ, ಬಾಗಮೋಯೋ ಇದೆ. ನಾನು ಸಂಜೆಗಳನ್ನೆಲ್ಲ ಕರಿಯಾಕೂದಲ್ಲಿ ಕಳೆದೆ. ಹಗಲು ಬೀದಿಬದಿಯ ತಿಂಡಿ ಅಂಗಡಿಗಳು ಹೆಚ್ಚಿನವು ಮುಚ್ಚಿರುತ್ತವೆ, ಸೂರ್ಯ ಮುಳುಗುತ್ತಲೇ ರಸ್ತೆ ತುಂಬ ಒಲೆಗಳು. ವಿತುಂಬುವಾ ತಿನ್ನದೆ ಬರಬೇಡಿ. ಅಕ್ಕಿ, ತೆಂಗಿನ ಹಾಲು, ಸಕ್ಕರೆ, ಏಲಕ್ಕಿ ಸೇರಿಸಿ ಹುದುಗಿಸಿದ ಹಿಟ್ಟು. ನಮ್ಮ ಪಡ್ಡಿನ ಕಾವಲಿಯಂಥದೇ ಗುಳಿಗಳ ಕಾವಲಿ. ತಲೆಗೆ ಹಸಿರು ಬಟ್ಟೆ ಕಟ್ಟಿದ ಹೆಂಗಸೊಬ್ಬರು ಕಬ್ಬಿಣದ ಕಡ್ಡಿಯಿಂದ ಒಂದೊಂದನ್ನೇ ತಿರುವಿಹಾಕುವ ಕೈಚಳಕ ನೋಡಿದಾಗ ನನ್ನ ಅವ್ವನ ನೆನಪಾಯಿತು. ದಿನವೂ ಅವರ ಹತ್ತಿರವೇ ಕೊಂಡೆ.

ಏಪ್ರಿಲ್ 5ರ ರಾತ್ರಿ ಕಿಬಾಂಡಾ ಉಮಿಜಾಕ್ಕೆ ಹೋದೆವು. ತಗಡಿನ ಶೆಡ್ಡು, ಮರದ ಬೆಂಚುಗಳು, ಮುಂದೆ ಟಿವಿ, ಬಾಗಿಲಲ್ಲಿ ಚಿಲ್ಲರೆ ಕೊಟ್ಟು ಒಳಗೆ ಹೋಗಬೇಕು. ಹೊಸಬರು ಊರಿನವರ ಜೊತೆ ಹೋಗುವುದು ಒಳ್ಳೆಯದು, ಬೇಗ ಹೋಗಿ ಬಾಗಿಲ ಹತ್ತಿರ ಕೂರಿ. ಪ್ರಿಟೋರಿಯಾದ ಪಂದ್ಯದ ಎರಡನೇ ಅರ್ಧದಲ್ಲಿ ಯಾಂಗಾದ ಅಜೀಜ್ ಕಿ ದೂರದಿಂದ ಬಾರಿಸಿದ. ಚೆಂಡು ಮೇಲಿನ ಪಟ್ಟಿಯ ಅಡಿಗೆ ಬಡಿದು ಗೆರೆಯ ಹತ್ತಿರ ನೆಲಕ್ಕೆ ಬಿದ್ದು ಪುಟಿಯಿತು. ಶೆಡ್ಡಿನೊಳಗಿನ ಬೆಂಚುಗಳೆಲ್ಲ ಮಗುಚಿಬಿದ್ದವು. ರೆಫರಿ ಗೋಲು ಕೊಡಲಿಲ್ಲ. ಆ ಪಂದ್ಯವೂ 0–0, ಪೆನಾಲ್ಟಿಯಲ್ಲಿ ಸನ್‌ಡೌನ್ಸ್ 3–2. ಅದೇ ರಾತ್ರಿ ಕೈರೋದಲ್ಲಿ ಸಿಂಬಾ 0–2ಯಿಂದ ಸೋತಿತು. ಅಲ್ ಅಹ್ಲಿ ಮುಂದೆ ಮೇ 25ರಂದು ಟ್ಯುನೀಷಿಯಾದ ಎಸ್ಪೆರಾನ್ಸ್ ತಂಡವನ್ನು ಮಣಿಸಿ 12ನೇ ಸಲ ಕಪ್ ಎತ್ತಿತು. ಆ ಫೈನಲನ್ನು ಬೆಳಗಾವಿಯ ಮನೆಯಲ್ಲಿ ಫೋನಿನಲ್ಲಿ ನೋಡಿದೆ.

ಮರುದಿನ ಸಂಜೆ ಕೊನೆಯ ಬಾರಿ ವಿತುಂಬುವಾ ಕೊಳ್ಳಲು ಹೋದೆವು. ಆ ಹೆಂಗಸು ಕಡ್ಡಿಯನ್ನು ತಟ್ಟೆಯ ಮೇಲೆ ಅಡ್ಡ ಇಟ್ಟರು. ಬಿಸಿ ವಿತುಂಬುವಾ ಒಂದನ್ನು ಅದರಾಚೆ, ಕಡ್ಡಿಗೆ ಎಲ್ಲೂ ತಾಗದ ಹಾಗೆ ಇಟ್ಟು, ತಮ್ಮನ ಕಡೆ ನೋಡಿ ಸ್ವಹೀಲಿಯಲ್ಲಿ ಏನೋ ಕೇಳಿದರು. ಅವನು ನನಗೆ ಕನ್ನಡದಲ್ಲಿ ಹೇಳಿದ: “ಚೆಂಡು ಪೂರ್ತಿ ಒಳಗಿತ್ತೋ ಇಲ್ಲವೋ, ನೀವೇ ಹೇಳಿ ಅಂತಿದ್ದಾರೆ ಅಣ್ಣಾ.” ಆಮೇಲೆ ಸಿಂಬಾದವನಾದ ಅವನೇ ಅವರಿಗೆ ತಲೆಯಾಡಿಸಿ, ಒಳಗಿತ್ತು ಅಂದ.