ಬರತಾವ, ಹೋಗತಾವ

ಈ ಸೋಮವಾರ ಸಂಜೆ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಎಟಿಎಂನಲ್ಲಿ ನನಗಿಂತ ಮುಂದೆ ನಿಂತಿದ್ದ ಹಿರಿಯ ಹೆಣ್ಣುಮಗಳೊಬ್ಬರು ಕಾರ್ಡನ್ನು ನನ್ನ ಕೈಗಿಟ್ಟು, "ಅಕ್ಷರ ಕಾಣಂಗಿಲ್ರಿ ಸರ, ನಾಕು ಸಾವಿರ ತಗದು ಕೊಡ್ರಿ" ಎಂದರು. ಖಾಸಗಿ ಆಸ್ಪತ್ರೆಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ನೆಲ ಒರೆಸುವ ಕೆಲಸ ಅವರದು. ಖಾತೆಗೆ ಅಂದೇ 13,000 ರೂಪಾಯಿಗೂ ಮೇಲೆ ಸಂಬಳ ಜಮೆಯಾಗಿತ್ತು. "ಪೂರ್ತಿ ತೆಗೆಯುವುದಿಲ್ಲವೇ, ಅವ್ವಾ?" ಎಂದು ಕೇಳಿದೆ.

"ನಂದು ಆಮ್ಯಾಲ ತಗೀತೀನ್ರಿ. ಇವು ನಾಕು ಸಾವಿರ ನಮ್ಮವಲ್ಲ. ಬರತಾವ, ಹೋಗತಾವ."

ಹೊರಗೆ ಬೈಕಿನ ಮೇಲೆ ಕುಳಿತಿದ್ದ ಯುವಕ ಆ ಎಂಟು ನೋಟುಗಳನ್ನು ಎಣಿಸಿಕೊಂಡು, ಅಂಗಿಯ ಜೇಬಿನಿಂದ ಸಣ್ಣ ಡೈರಿ ತೆಗೆದು, ಒಂದು ಹೆಸರಿನ ಮುಂದೆ ಗುರುತು ಹಾಕಿದ. ಮೊಮ್ಮಗನ ಜ್ವರ ಇಳಿಯಿತೇ ಎಂದು ಅವರನ್ನು ವಿಚಾರಿಸಿಯೂ ಹೋದ. ಅವನು ಕೆಟ್ಟ ಮನುಷ್ಯನೆಂದು ನನಗೆ ಅನ್ನಿಸಲಿಲ್ಲ. ಅವನದೂ ಸಂಬಳದ ಕೆಲಸವೇ. ಅವನನ್ನು ಕಳಿಸಿದ ಗುತ್ತಿಗೆದಾರನ ಬಗ್ಗೆ ಮಾತ್ರ ನನಗೆ ಅಷ್ಟು ಸಹನೆಯಿಲ್ಲ.

"ನಮ್ಮವಲ್ಲ" ಎಂಬ ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ಕೆಲಸಗಾರ ತಾನೇ ಒಪ್ಪಿ ಕರಾರು ಬರೆದುಕೊಟ್ಟರೂ ಅದು ಅಸಿಂಧು ಎಂದು 1948ರ ಕಾಯ್ದೆಯೇ ಹೇಳಿತ್ತು. ದೆಹಲಿಯಲ್ಲಿ 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ನಡೆದ ಕಾಮಗಾರಿಗಳಲ್ಲಿ ದಿನಕ್ಕೆ 9 ರೂಪಾಯಿ 25 ಪೈಸೆ ಕೂಲಿ ನಿಗದಿಯಾಗಿದ್ದರೂ ಕೂಲಿಯಾಳುಗಳನ್ನು ಒದಗಿಸುವ ದಲ್ಲಾಳಿಗಳಾದ ಜಮಾದಾರರು 1 ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆಯನ್ನಷ್ಟೇ ಕೊಡುತ್ತಿದ್ದರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ತೀರ್ಪಿತ್ತಿತು. ಅಂದು ಹಣ ಕೈ ಸೇರುವ ಮೊದಲೇ ಮುರಿಯುತ್ತಿದ್ದರು. ಈಗ ಕೈ ಸೇರಿದ ಮೇಲೆ ಮರಳಿ ಪಡೆಯುತ್ತಾರೆ.

ಈ ವ್ಯತ್ಯಾಸ ಸಣ್ಣದಲ್ಲ. ಸಂಬಳವನ್ನು ಬ್ಯಾಂಕಿಗೆ ಹಾಕಿದರೆ ಮೋಸ ನಿಲ್ಲುತ್ತದೆಂದು ನಾನೂ ನಂಬಿದ್ದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆ, ಹಳೆಯ ಕಾಯ್ದೆಯಲ್ಲಿ 6 ತಿಂಗಳಿದ್ದ ದೂರಿನ ಅವಧಿಯನ್ನು 3 ವರ್ಷಕ್ಕೆ ಹೆಚ್ಚಿಸಿದೆ. ವೇತನ ಕೊಟ್ಟಿದ್ದೇನೆಂದು ರುಜುವಾತುಪಡಿಸುವ ಹೊಣೆಯನ್ನು ಮಾಲೀಕನ ಮೇಲೆಯೇ ಹೊರಿಸಿದೆ. ಆದರೆ ಈ ಗುತ್ತಿಗೆದಾರನ ಬಳಿ ಬ್ಯಾಂಕಿನ ರುಜುವಾತು ಸಿದ್ಧವಾಗಿಯೇ ಇದೆ. ತಪಾಸಣೆಗೆ ಬಂದ ಅಧಿಕಾರಿಗೆ ವೇತನದ ಪುಸ್ತಕ, ವೇತನ ಚೀಟಿ, ಬ್ಯಾಂಕಿನ ಲೆಕ್ಕ ಎಲ್ಲವೂ ಒಂದಕ್ಕೊಂದು ತಾಳೆಯಾಗಿ ಕಾಣುತ್ತವೆ. ಜೇಬಿನ ಡೈರಿಯನ್ನು ಅವರಿಗೆ ಯಾರೂ ತೋರಿಸುವುದಿಲ್ಲ. ಮೇಲಾಗಿ ಗುತ್ತಿಗೆ ಕೊಡುವವರು ಅತಿ ಕಡಿಮೆ ಸೇವಾಶುಲ್ಕ ನಮೂದಿಸಿದವನನ್ನೇ ಆರಿಸಿಕೊಳ್ಳುತ್ತಾರೆ. ಅಷ್ಟು ಅಲ್ಪ ಶುಲ್ಕದಲ್ಲಿ ಅವನು ಲಾಭವನ್ನು ಎಲ್ಲಿಂದ ತೆಗೆಯುತ್ತಾನೆಂದು ಅವರು ಕೇಳುವುದೇ ಇಲ್ಲ. ಕೇಳದಿರುವುದೂ ಈ ಅನ್ಯಾಯದಲ್ಲಿ ಪಾಲು ಪಡೆದಂತೆಯೇ ಎಂಬುದು ನನ್ನ ದೃಢ ಅಭಿಪ್ರಾಯ. ನಾಲ್ಕು ಸಾವಿರವೆಂದು ಯಂತ್ರದಲ್ಲಿ ಒತ್ತಿದ್ದು ನನ್ನ ಬೆರಳೇ ಎಂಬುದೂ ನನ್ನನ್ನು ಕಾಡುತ್ತಿದೆ.

ಗುರುವಾರ ಬಸ್ ನಿಲ್ದಾಣದಲ್ಲಿ ಅವರು ಮತ್ತೆ ಸಿಕ್ಕರು. ಹಲವರು ಸೇರಿ ಒಂದೇ ಅರ್ಜಿ ಕೊಡಬಹುದು, ಸದಸ್ಯರಾದರೆ ಕಾರ್ಮಿಕ ಸಂಘವೇ ಅವರ ಪರವಾಗಿ ಕೊಡಬಹುದು ಎಂದು ವಿವರಿಸಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಬಹಳ ಹೊತ್ತು ಸುಮ್ಮನಿದ್ದರು.

"ನನ್ನೊಬ್ಬಾಕಿ ಹೆಸರು ಮಾತ್ರ ಎಲ್ಲೂ ಹೇಳಬ್ಯಾಡ್ರಿ, ಸರ" ಎಂದರು. ಬಸ್ಸು ಬಂದಿತು. ಹತ್ತುವಾಗ ತಿರುಗಿ ಕೇಳಿದರು: "ನಾವು ಹನ್ನೊಂದು ಮಂದಿ ಅದೀವಿ. ಎಲ್ಲಾರೂ ಬಂದ್ರ ನಡೀತೈತೇನ್ರಿ?"