ಕಣ್ಣು ಮುಚ್ಕೊಂಡು ತಗೊಂಡ್ಹೋಗಿ ಸಾರ್

"ಒನ್ ಎಂಎಸ್ ಇದೆ, ಎಚ್‌ಡಿಆರ್ ಇದೆ, 144 ಹರ್ಟ್ಸ್ ಇದೆ. ಕಣ್ಣು ಮುಚ್ಕೊಂಡು ತಗೊಂಡ್ಹೋಗಿ ಸಾರ್."

"ಮಾನಿಟರ್‌ನ ಕಣ್ಣು ಮುಚ್ಕೊಂಡು ತಗೊಂಡು ಏನ್ ಮಾಡ್ಲಪ್ಪಾ?"

ಮೊನ್ನೆ ಶನಿವಾರ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಕಿವಿಗೆ ಬಿದ್ದ ಮಾತು. ಪ್ರಶ್ನೆ ಹಾಕಿದವರು ಅರವತ್ತರ ಆಸುಪಾಸಿನ ಯಜಮಾನರು, ಜೊತೆಗೆ ಮಗಳು. ಅಂಗಡಿಯ ಹುಡುಗ ನಕ್ಕ, ಕ್ಯಾಶ್ ಕೌಂಟರಿನವರೂ ನಕ್ಕರು, ಉತ್ತರ ಮಾತ್ರ ಯಾರೂ ಕೊಡಲಿಲ್ಲ. ಹುಡುಗನ ಮೇಲೆ ಸಿಟ್ಟಿಲ್ಲ. ಡಬ್ಬದ ಮೇಲಿದ್ದದ್ದನ್ನು ಓದಿದ ಅಷ್ಟೆ. ಸಿಟ್ಟಿರುವುದು ಡಬ್ಬದ ಮೇಲೆ ಬರೆಯುವವರ ಮೇಲೆ.

ಆ ಒನ್ ಎಂಎಸ್, ಅಂದರೆ ಒಂದು ಮಿಲಿಸೆಕೆಂಡಿನ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಜಿಟಿಜಿ ಅಂತಲೋ ಎಂಪಿಆರ್‌ಟಿ ಅಂತಲೋ ಇರುತ್ತದೆ. ಜಿಟಿಜಿ ಅಂದರೆ ಪಿಕ್ಸೆಲ್ (ಪರದೆಯ ಒಂದು ಚುಕ್ಕಿ) ಒಂದು ಬೂದು ಛಾಯೆಯಿಂದ ಇನ್ನೊಂದಕ್ಕೆ ತಿರುಗಲು ಹಿಡಿಯುವ ಹೊತ್ತು. ಎಂಪಿಆರ್‌ಟಿ ಲೆಕ್ಕವೇ ಬೇರೆ, ಓಡುವ ಚಿತ್ರ ಕಣ್ಣಿಗೆ ಎಷ್ಟು ಮಸುಕಾಗುತ್ತದೆ ಅನ್ನುವುದರದ್ದು. ಅದನ್ನು 1ಕ್ಕೆ ಇಳಿಸಲು ಪರದೆಯ ಹಿಂಬದಿ ಬೆಳಕನ್ನು ಫ್ರೇಮಿಗೊಮ್ಮೆ ಆರಿಸಿ ಹೊತ್ತಿಸುತ್ತಾರೆ; ಪರದೆ ಮಂಕಾಗುತ್ತದೆ, ಕೆಲವರಿಗೆ ತಲೆನೋವೂ ಬರುತ್ತದೆ. ಜಿಟಿಜಿಯ 1 ಕೂಡ ಸಾಮಾನ್ಯವಾಗಿ ಸಿಗುವುದು ಮಾನಿಟರ್ ಮೆನುವಿನಲ್ಲಿ ಓವರ್‌ಡ್ರೈವ್, ಅಂದರೆ ಪಿಕ್ಸೆಲ್ಲನ್ನು ಬೇಗ ತಿರುಗಿಸುವ ಸೆಟ್ಟಿಂಗ್, ತುದಿಗೇರಿಸಿದಾಗ. ಆಗ ಪಿಕ್ಸೆಲ್ ಗುರಿ ದಾಟಿ ಹೋಗಿ, ಓಡುವ ವಸ್ತುಗಳ ಬೆನ್ನಿಗೆ ಬೆಳ್ಳನೆಯ ಅಂಚು ಅಂಟಿಕೊಳ್ಳುತ್ತದೆ. ಓವರ್‌ಡ್ರೈವನ್ನು ಮಧ್ಯದ ಮಟ್ಟದಲ್ಲಿ ಬಿಟ್ಟರೆ ಕ್ಷೇಮ.

ಎಚ್‌ಡಿಆರ್ ಅಂದರೆ ಚಿತ್ರದ ಬೆಳಕು-ಕತ್ತಲೆಯ ಅಂತರವನ್ನು ಹಿಗ್ಗಿಸಿ ತೋರಿಸುವ ತಂತ್ರ. ಅದರ ಕಥೆ ಇದಕ್ಕಿಂತ ದೊಡ್ಡ ನಾಟಕ. ಅಗ್ಗದ ಮಾನಿಟರಿನಲ್ಲಿ 'ಎಚ್‌ಡಿಆರ್10 ಸಪೋರ್ಟ್' ಅಂದರೆ ಆ ಸಿಗ್ನಲ್ಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಅಂತ ಮಾತ್ರ. ತೋರಿಸುವ ತಾಕತ್ತು 250 ನಿಟ್ಸ್ (ಹೊಳಪಿನ ಅಳತೆ) ಬೆಳಕಿನ ಪ್ಯಾನೆಲ್ಲಿಗೆ ಎಲ್ಲಿಂದ ಬರಬೇಕು? ಪರದೆಗಳಿಗೆ ಮಾನದಂಡ ರೂಪಿಸುವ ವೆಸಾ ಸಂಸ್ಥೆ 2017ರಲ್ಲಿ ಶುರುಮಾಡಿದ ಡಿಸ್ಪ್ಲೇಎಚ್‌ಡಿಆರ್ ದರ್ಜೆಗಳಲ್ಲಿ ಕೆಳಗಿನದಕ್ಕೇ 400 ನಿಟ್ಸ್ ಬೇಕು, ಅದೂ ಹೇಳಿಕೊಳ್ಳುವಂಥದ್ದೇನಲ್ಲ. ಇಂಥ ಮಾನಿಟರಿನಲ್ಲಿ ವಿಂಡೋಸ್‌ನ ಎಚ್‌ಡಿಆರ್ ಆನ್ ಮಾಡಿದರೆ ಬಣ್ಣಗಳು ಹಲವು ಸಲ ತೊಳೆದಂತೆ ಪೇಲವವಾಗುತ್ತವೆ. ಆಫ್ ಇರಲಿ.

ಕಾಂಟ್ರಾಸ್ಟೂ, ಅಂದರೆ ಬಿಳಿ-ಕಪ್ಪಿನ ಹೊಳಪಿನ ಅನುಪಾತವೂ, ಹಾಗೆಯೇ. ಡಬ್ಬದಲ್ಲಿ ಕೋಟಿಗೆ ಒಂದು ಅಂತಿದ್ದರೆ ಅದು 'ಡೈನಾಮಿಕ್', ಕಣ್ಣೆತ್ತಿಯೂ ನೋಡಬೇಡಿ. ಪ್ಯಾನೆಲ್ಲುಗಳಲ್ಲಿ ಐಪಿಎಸ್, ವಿಎ ಅಂತ ಬಗೆಗಳಿವೆ: ನಿಜವಾದ ಕಾಂಟ್ರಾಸ್ಟ್ ಐಪಿಎಸ್ ಅಂದರೆ ಸುಮಾರು 1000:1, ವಿಎ ಆದರೆ ಸುಮಾರು 3000:1.

ಇಷ್ಟರಲ್ಲಿ ಮಗಳು ಕೇಳಿದಳು, "ಇಪ್ಪತ್ತೇಳು ಇಂಚು ಸರಿ, ರೆಸಲ್ಯೂಷನ್ ಎಷ್ಟು?" ಆ ಅಂಗಡಿಯಲ್ಲಿ ಆವತ್ತು ಕೇಳಬೇಕಿದ್ದ ಪ್ರಶ್ನೆ ಅದೇ. ಉತ್ತರ ಬಂತು: ಫುಲ್ ಎಚ್‌ಡಿ, ಅಂದರೆ 1920×1080 ಪಿಕ್ಸೆಲ್. 24 ಇಂಚಿನಲ್ಲಿ ಇದು ಇಂಚಿಗೆ ಸುಮಾರು 92 ಪಿಕ್ಸೆಲ್. ಅದನ್ನೇ 27ಕ್ಕೆ ಹಿಗ್ಗಿಸಿದರೆ 82ಕ್ಕೆ ಇಳಿದು ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. 27 ಇಂಚೇ ಬೇಕೆಂದರೆ 2560×1440 ತೆಗೆದುಕೊಳ್ಳಬೇಕು, ಇಂಚಿಗೆ 109 ಸಿಗುತ್ತದೆ. ಅಕ್ಷರ ಸಣ್ಣದಾಯಿತೆಂದು ರೆಸಲ್ಯೂಷನ್ ಇಳಿಸುವವರಿದ್ದಾರೆ, ಎಲ್ಲವೂ ಮಸುಕಾಗುತ್ತದೆ. ರೆಸಲ್ಯೂಷನ್ ಪ್ಯಾನೆಲ್ಲಿನದ್ದೇ ಇರಲಿ, ಡಿಸ್ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡುವ ಸ್ಕೇಲ್ ಅನ್ನು 125 ಪರ್ಸೆಂಟ್ ಮಾಡಿ.

144 ಹರ್ಟ್ಸ್ (ಪರದೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದು) ಮಾತ್ರ ಸುಳ್ಳಲ್ಲ, ಆದರೆ ತಾನಾಗಿ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಅಂಥ ಮಾನಿಟರ್ ವರ್ಷಗಟ್ಟಲೆ 60ರಲ್ಲೇ ಓಡುತ್ತಿರುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ, ಅಡ್ವಾನ್ಸ್ಡ್ ಡಿಸ್ಪ್ಲೇ ಹೀಗೆ ಒಳಗೆ ಹೋಗಿ ರಿಫ್ರೆಶ್ ರೇಟ್ ಬದಲಿಸಬೇಕು. ಪಟ್ಟಿಯಲ್ಲಿ 144 ಇಲ್ಲವೇ ಇಲ್ಲ ಅಂದರೆ ಮೊದಲ ಅನುಮಾನ ಕೇಬಲ್ ಮತ್ತು ಪೋರ್ಟಿನ ಮೇಲೆ. ಹಳೆಯ ಎಚ್‌ಡಿಎಂಐ 1.4 ಪೋರ್ಟಿಗೆ 2560×1440ರಲ್ಲಿ 144 ಹರ್ಟ್ಸ್ ಹೊರುವ ಶಕ್ತಿಯಿಲ್ಲ, ಡಿಸ್ಪ್ಲೇಪೋರ್ಟ್ 1.2ಕ್ಕೆ ಇದೆ.

ಯಜಮಾನರಿಗೆ ಇದೆಲ್ಲ ಗೊತ್ತಿತ್ತೋ ಏನೋ, ಕೊನೆಗೆ ಕೇಳಿದ್ದು ಒಂದೇ: "ಡಿಸ್ಪ್ಲೇಪೋರ್ಟ್ ಕೇಬಲ್ ಡಬ್ಬದಲ್ಲೇ ಇದ್ಯಾ, ಬೇರೆ ತಗೋಬೇಕಾ?" ಹುಡುಗ ಮೊದಲ ಸಲ ಡಬ್ಬ ಬಿಚ್ಚಿ ನೋಡಿದ. ಎಚ್‌ಡಿಎಂಐ ಒಂದೇ ಇತ್ತು.