ತೂತಿಗಿಂತ ಸಣ್ಣದು, ಆದ್ರೂ ಸಿಕ್ಕಿಬೀಳುತ್ತೆ

ಇವತ್ತು ಮೂರನೇ ಫಿಲ್ಟರೂ ಕಟ್ಟಿಕೊಂಡಿತು. ವೈರಸ್ ಹುಡುಕೋಕೆ ತಂದ ಹತ್ತು ಲೀಟರ್ ಹೊಳೆ ನೀರು, ತುಂಬಾ ಮಳೆಗಾಲದ ಕೆಮ್ಮಣ್ಣು. ಪಂಪು ಗೊರಗೊರ ಅಂತಿದೆ, ನೀರು ಮಾತ್ರ ತೊಟ್ಟು ತೊಟ್ಟು. ಫಿಲ್ಟರಿನ ಬಿಳಿ ಪೊರೆ ಈಗ ಥೇಟ್ ರಾಗಿ ಹಪ್ಪಳ.

"ಜರಡಿ ಹಿಡಿದ್ರೆ ವೈರಸ್ ಸಿಗುತ್ತಾ?" ಅಂದ್ಲು ಅಮ್ಮ ಫೋನಲ್ಲಿ. ಜರಡಿ ಅಲ್ಲಮ್ಮ ಇದು. ತೂತು 450 ನ್ಯಾನೋಮೀಟರ್, ಪೋಲಿಯೊ ವೈರಸ್ ಬರೀ 30ರ ಆಸುಪಾಸು. ಆರಾಮಾಗಿ ನುಸುಳಬಹುದು. ಆದರೆ ನೀರಿಗೆ ಮೆಗ್ನೀಸಿಯಂ ಕ್ಲೋರೈಡ್ ಹಾಕಿದ್ರೆ ಋಣ ಚಾರ್ಜಿನ ವೈರಸ್ಸು ಋಣ ಚಾರ್ಜಿನ ಪೊರೆಗೇ ಅಂಟುತ್ತೆ. ನಡುವೆ ಮೆಗ್ನೀಸಿಯಂ ದಲ್ಲಾಳಿ! ಕ್ಷಾರ ದ್ರಾವಣದಲ್ಲಿ ಬಿಡಿಸಿಕೊಂಡ್ರೆ ಹತ್ತು ಲೀಟರಲ್ಲಿ ಇದ್ದದ್ದು ಕೆಲವೇ ಎಂಎಲ್‌ಗೆ ಇಳಿಯುತ್ತೆ (ಸಾಕಷ್ಟು ಕೈತಪ್ಪುತ್ತೆ ಕೂಡ). ಆಮೇಲೆ ಪಿಸಿಆರ್ ಪರೀಕ್ಷೆ. ಅದು ಜೀನ್ ತೋರಿಸುತ್ತೆ, ಬದುಕಿದೆಯೋ ಸತ್ತಿದೆಯೋ ಹೇಳಲ್ಲ.

1955ರ ದೆಹಲಿ ನೆನಪಾಗುತ್ತೆ. ಯಮುನೆಯಲ್ಲಿ ಕೊಳಚೆ ಹಿಂದಕ್ಕೆ ಹರಿದು ಕುಡಿಯೋ ನೀರಿಗೆ ಸೇರಿತ್ತು. ಕ್ಲೋರಿನ್ ಹೆಚ್ಚಿಸಿದ್ರು, ಟೈಫಾಯ್ಡ್ ಏರಲಿಲ್ಲ. ಆದ್ರೂ ಸುಮಾರು 29,000 ಜನಕ್ಕೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಇ ವೈರಸ್ಸಿಂದ ಅಂತ ಗೊತ್ತಾಗಿದ್ದು ದಶಕಗಳ ನಂತರ.

ಮಣ್ಣು ತಡೆಯೋಕೆ ಮೊದಲೇ ಒಂದು ಪ್ರಿಫಿಲ್ಟರ್ ಹಾಕು ಅಂತೀರಾ? ಮಣ್ಣಿಗೆ ಅಂಟಿದ ವೈರಸ್ಸೂ ಅದರಲ್ಲೇ ಉಳಿದುಬಿಡುತ್ತೆ. ಸರಿ, ನಾಲ್ಕನೇದು ತೆಗೀತಿದೀನಿ.